ವಿಷ ಅಳೆಯುವವರ ಸಂಘದ ಚುಕ್ಕಾಣಿ ಯಾರ ಕೈಗೆ?



ಪರಿಸರ ವಿಷಶಾಸ್ತ್ರಜ್ಞರ ಸಂಘಕ್ಕೆ ಯಾರು ಅಧ್ಯಕ್ಷರಾದರೆ ನಮಗೇನು ಎನಿಸಬಹುದು. ಆದರೆ ಯಾವ ಕೀಟನಾಶಕ ಎಷ್ಟು ಅಪಾಯಕಾರಿ ಎಂದು ಸರ್ಕಾರ, ನ್ಯಾಯಾಲಯಗಳು ಕೇಳುವುದು ಈ ತಜ್ಞರನ್ನೇ. ದಕ್ಷಿಣ ಕನ್ನಡ, ಕಾಸರಗೋಡಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ್ದರ ಪರಿಣಾಮ ಕುರಿತ ತಜ್ಞರ ವರದಿಗಳು ಒಂದಕ್ಕೊಂದು ತಾಳೆಯಾಗಲಿಲ್ಲ. ಅದರ ಬಳಕೆಗೆ ಸುಪ್ರೀಂ ಕೋರ್ಟ್ ತಡೆ ನೀಡಿದ್ದು 2011ರಲ್ಲಷ್ಟೇ.

1979ರಲ್ಲಿ ಉತ್ತರ ಅಮೆರಿಕದಲ್ಲಿ ಹುಟ್ಟಿದ, ಪರಿಸರ ವಿಷಶಾಸ್ತ್ರಜ್ಞರ ‘ಸೆಟಾಕ್’ ಸಂಘವು ತನ್ನ ಆಡಳಿತ ಮಂಡಳಿಯಲ್ಲಿ ವಿಶ್ವವಿದ್ಯಾಲಯ, ಉದ್ಯಮ, ಸರ್ಕಾರ ಈ ಮೂರೂ ವಲಯಗಳಿಗೆ ಸಮಪಾಲು ನೀಡುವ ಪದ್ಧತಿ ಇಟ್ಟುಕೊಂಡಿದೆ. ಯಾವ ಬಣವೂ ಮೇಲುಗೈ ಸಾಧಿಸಬಾರದು ಎಂಬುದು ಇದರ ಉದ್ದೇಶ. ಇದು ಮೆಚ್ಚತಕ್ಕದ್ದೇ. ಆದರೆ ತೋಟದಂಚಿನ ಬಾವಿ ನೀರು ಕುಡಿಯುವವರಿಗೆ ಈ ಮೂರರಲ್ಲಿ ಜಾಗವೆಲ್ಲಿ?

ನಮ್ಮ ದೇಶದ ಸಂಘಗಳು ಇಂಥ ಸಮತೋಲನದ ಜೊತೆಗೆ ಇನ್ನೊಂದು ಹೆಜ್ಜೆ ಮುಂದಿಡಲಿ. ಪದಾಧಿಕಾರಿ ಸ್ಥಾನಕ್ಕೆ ಸ್ಪರ್ಧಿಸುವವರು ಕಂಪನಿಗಳಿಂದ ಪಡೆದ ಸಂಶೋಧನಾ ಅನುದಾನ, ಸಲಹಾ ಶುಲ್ಕಗಳ ವಿವರವನ್ನು ಮತದಾನಕ್ಕೆ ಮೊದಲೇ ಬಹಿರಂಗಪಡಿಸಬೇಕು. ಚುನಾವಣೆಗೆ ನಿಲ್ಲುವ ರಾಜಕಾರಣಿಗಳೇ ಆಸ್ತಿ ವಿವರ ಸಲ್ಲಿಸುವಾಗ ವಿಜ್ಞಾನಿಗಳಿಗೇಕೆ ಹಿಂಜರಿಕೆ?

– ರಸಾಯನಶಾಸ್ತ್ರ ಅಧ್ಯಾಪಕಿ, ಪುತ್ತೂರು