ಗಾಯರಾಣದ ಒಡೆಯರಾರು?

ಸರಕಾರದ ದಫ್ತರದಲ್ಲಿ ‘ಪಾಳುಭೂಮಿ’ ಎಂದು ಬರೆಯಲ್ಪಟ್ಟುದೆಲ್ಲವೂ ನಿಜವಾಗಿ ಪಾಳಲ್ಲ. ಅಲ್ಲಿ ಬಡವನ ಆಕಳು ಮೇಯುತ್ತದೆ. ಅಲ್ಲಿಯ ಪುರಳೆಯಿಂದ ಅವನ ಮನೆಯ ಒಲೆ ಉರಿಯುತ್ತದೆ. ಇದನ್ನು ಮರೆತಲ್ಲಿ ಎಂತಹ ಅನ್ಯಾಯವುಂಟಾಗುವುದೆಂಬುದಕ್ಕೂ, ಜನರು ಒಗ್ಗಟ್ಟಿನಿಂದ ಅದನ್ನು ತಿದ್ದಬಲ್ಲರೆಂಬುದಕ್ಕೂ ಕುಸನೂರಿನ ಸತ್ಯಾಗ್ರಹವು ನಿದರ್ಶನವಾಗಿದೆ.

೧೯೮೪ರಲ್ಲಿ ಕರ್ನಾಟಕ ಸರಕಾರವು ಹರಿಹರ ಪಾಲಿಫೈಬರ್ಸ್ ಕಾರಖಾನೆಯೊಡನೆ ಕೂಡಿ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿಯನ್ನು ಸ್ಥಾಪಿಸಿತು. ಕೃತಕ ನೂಲಿಗೆ ಬೇಕಾದ ಕಟ್ಟಿಗೆಯ ತಿರುಳಿಗಾಗಿ ನೀಲಗಿರಿ ಮುಂತಾದ ಗಿಡಗಳನ್ನು ಬೆಳೆಯಿಸಲು ನಾಲ್ಕು ಜಿಲ್ಲೆಗಳ ಸುಮಾರು ೩೦,೦೦೦ ಹೆಕ್ಟೇರು ನೆಲವನ್ನು ಅದಕ್ಕೆ ಕೊಡುವ ಏರ್ಪಾಡಾಯಿತು. ನೆಲವು ಕಾಗದದ ಮೇಲೆ ಸರಕಾರದ್ದು. ಅನುಭೋಗವು ತಲೆತಲಾಂತರದಿಂದ ಹಳ್ಳಿಗರದು. ಆದರೆ ಒಪ್ಪಂದದಲ್ಲಿ ಹಳ್ಳಿಗರು ಪಕ್ಷಗಾರರಾಗಿರಲಿಲ್ಲ. ನೀಲಗಿರಿಯ ಎಲೆಯನ್ನಂತೂ ದನಗಳು ಮೂಸಿಯೂ ನೋಡವು.

ಆಗ ಶ್ರೀ ಎಸ್. ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯವು ಹಳ್ಳಿಹಳ್ಳಿಯ ಜನರನ್ನು ಸಂಘಟಿಸಿತು. ಡಾ. ಶಿವರಾಮ ಕಾರಂತರೂ ಜೊತೆಗೂಡಿ ಸುಪ್ರೀಂ ಕೋರ್ಟಿಗೆ ಅರ್ಜಿ ಸಲ್ಲಿಸಿದರು. ೧೯೮೭ರ ಮಾರ್ಚಿಯಲ್ಲಿ ತಡೆಯಾಜ್ಞೆಯು ದೊರೆಯಿತು. ಜನರು ಅಷ್ಟಕ್ಕೇ ತೃಪ್ತರಾಗಲಿಲ್ಲ. ಅದೇ ವರ್ಷದ ನವೆಂಬರ ೧೪ರಂದು ಹಾನಗಲ್ಲ ತಾಲೂಕಿನ ಕುಸನೂರಿನಲ್ಲಿ ಸುಮಾರು ೨,೦೦೦ ಜನರು ವಾದ್ಯಘೋಷದೊಡನೆ ಮೆರವಣಿಗೆಯಲ್ಲಿ ಹೋಗಿ ನೀಲಗಿರಿಯ ಸಸಿಗಳನ್ನು ಕಿತ್ತರು. ಹಣ್ಣು ಮೇವುಗಳನ್ನೀಯುವ ಗಿಡಗಳನ್ನು ನೆಟ್ಟು, ನೀರೆರೆದು ಕಾಪಾಡುವೆವೆಂದು ಪ್ರತಿಜ್ಞೆಗೈದರು. ಇದೇ ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹ. ೧೯೯೧ರಲ್ಲಿ ಕಂಪನಿಯು ವಿಸರ್ಜಿಸಲ್ಪಟ್ಟಿತು.

ನಾಡಿಗೆ ಕಾರಖಾನೆಗಳು ಬೇಡವೇ ಎಂದು ಕೆಲವರು ಕೇಳಬಹುದು. ಬೇಕು. ಆದರೆ ಲಾಭವು ಒಬ್ಬರ ಪಾಲಿಗೆ, ನಷ್ಟವು ಮಾತನಾಡಲಾರದ ಇನ್ನೊಬ್ಬರ ಪಾಲಿಗೆ ಎಂಬ ಹಂಚಿಕೆಯನ್ನು ಪ್ರಗತಿಯೆಂದು ಕರೆಯಲಾಗದು. ಗಿಡಗಳೆಷ್ಟು ನೆಡಲ್ಪಟ್ಟವು ಎಂಬುದಕ್ಕಿಂತ ಯಾವ ಗಿಡ, ಯಾರಿಗಾಗಿ, ಯಾರ ಸಮ್ಮತಿಯಿಂದ ಎಂಬುದೇ ಮುಖ್ಯ ಪ್ರಶ್ನೆ. ಸಮಾಜಸೇವೆಯೆಂದರೆ ಅನ್ನದಾನ, ಔಷಧದಾನಗಳೆಂದು ತಿಳಿದಿರುವ ಸಜ್ಜನರೂ ಇದನ್ನು ವಿಚಾರಿಸಬೇಕು. ಮೇವಿನ ನೆಲವನ್ನು ಕಳೆದುಕೊಂಡವನಿಗೆ ಒಂದು ಹೊತ್ತಿನ ಊಟವು ಪರಿಹಾರವಲ್ಲ. ತನ್ನ ನೆರೆಯವರೊಡನೆ ಕೂಡಿ ತನ್ನ ಹಕ್ಕನ್ನು ಕೇಳುವ ಧೈರ್ಯವನ್ನು ಅವನಲ್ಲಿ ಮೂಡಿಸುವುದೇ ನಿಜವಾದ ಸೇವೆ.

ಇಂದು ಕಾಯಿದೆಗಳ ಕೊರತೆಯಿಲ್ಲ. ೨೦೦೬ರ ಅರಣ್ಯ ಹಕ್ಕುಗಳ ಕಾಯಿದೆಯು ಅರಣ್ಯವನ್ನವಲಂಬಿಸಿದವರ ಸಾಮುದಾಯಿಕ ಹಕ್ಕನ್ನು ಒಪ್ಪಿ, ಗ್ರಾಮಸಭೆಗೆ ಅಧಿಕಾರವನ್ನಿತ್ತಿದೆ. ಒತ್ತುವರಿಯಾದ ಗ್ರಾಮಸಾಮಾನ್ಯ ಭೂಮಿಗಳನ್ನು ಹಳ್ಳಿಗೆ ಮರಳಿಸಬೇಕೆಂದು ೨೦೧೧ರಲ್ಲಿ ಸುಪ್ರೀಂ ಕೋರ್ಟು ಎಲ್ಲ ರಾಜ್ಯಗಳಿಗೂ ಆದೇಶವಿತ್ತಿದೆ. ಆದರೆ ಕೇಳುವ ಜನರಿಲ್ಲದೆಡೆ ಕಾಯಿದೆಯು ಗೆದ್ದಲಿಗೆ ಆಹಾರವಾಗುವುದು. ಆದುದರಿಂದ ಅಧಿಕಾರಿಗಳಲ್ಲಿ ನಮ್ಮ ವಿನಂತಿಯಿಷ್ಟೆ: ಗಾಯರಾಣದ ಕಾಗದಕ್ಕೆ ರುಜು ಹಾಕುವ ಮೊದಲು ಆ ನೆಲಕ್ಕೆ ಹೋಗಿ, ಅಲ್ಲಿ ದನ ಕಾಯುವವನನ್ನೊಮ್ಮೆ ಮಾತನಾಡಿಸಿರಿ.