ದುರಸ್ತಿಗಾರನಿಗೆ ನಗರದಲ್ಲಿ ಸ್ಥಳವೆಲ್ಲಿ?

ನಮ್ಮ ದೇಶದಲ್ಲಿ ವರ್ಷವೊಂದಕ್ಕೆ ಸುಮಾರು 78 ಲಕ್ಷ ಟನ್ ಜವಳಿ ತ್ಯಾಜ್ಯ ಶೇಖರಗೊಳ್ಳುತ್ತದೆಂದು 2022ರ ಅಧ್ಯಯನವೊಂದು ಅಂದಾಜಿಸಿತ್ತು. ಅದರ ಅರ್ಧದಷ್ಟು ಬರುವುದು ಮನೆಗಳಿಂದ. ಗುಂಡಿ ಕಳಚಿದ ಅಂಗಿ, ಜಿಪ್ ಕೆಟ್ಟ ಪ್ಯಾಂಟು, ಒಂದೇ ಮದುವೆಗೆ ಉಟ್ಟು ಮೂಲೆಗೆಸೆದ ಲೆಹೆಂಗಾ ಇವೆಲ್ಲವೂ ಅದರಲ್ಲಿವೆ.

2023ರ ಮೇ ತಿಂಗಳಲ್ಲಿ ಕೇಂದ್ರ ಸರಕಾರವು ಹಳೆಯ ಬಟ್ಟೆ, ಪಾದರಕ್ಷೆ, ಪುಸ್ತಕಗಳ ಸಂಗ್ರಹಕ್ಕಾಗಿ ನಗರಗಳಲ್ಲಿ ಕೇಂದ್ರಗಳನ್ನು ತೆರೆಯಿಸಿತು. ಉದ್ದೇಶ ಸ್ತುತ್ಯರ್ಹ. ಆದರೆ ಸಂಗ್ರಹವೇ ಪರಿಹಾರವಲ್ಲ. ಪಾಣಿಪತ್‌ನ ಕಾರ್ಖಾನೆಗಳು ಹಳೆಯ ಉಣ್ಣೆಯುಡುಪುಗಳನ್ನು ಸಿಗಿದು ಮತ್ತೆ ನೂಲು ತೆಗೆದು ಕಂಬಳಿ ನೇಯುತ್ತವೆ, ನಿಜ. ಆದರೆ ಹಾಗೆ ಸಿಗಿದಾಗ ಎಳೆ ತುಂಡಾಗಿ ಬಟ್ಟೆಯ ಗುಣಮಟ್ಟ ಕುಸಿಯುತ್ತದೆ. ಹತ್ತಿ ಮತ್ತು ಪಾಲಿಯೆಸ್ಟರ್ ಬೆರೆತ ಬಟ್ಟೆಯನ್ನಂತೂ ಬೇರ್ಪಡಿಸುವುದೇ ಕಷ್ಟ. ಆದ್ದರಿಂದ ಅಂಗಿಯು ಅಂಗಿಯಾಗಿಯೇ ಇನ್ನೆರಡು ವರ್ಷ ಬಾಳುವುದು ಎಲ್ಲಕ್ಕಿಂತ ಮೇಲು.

ಫ್ರಾನ್ಸ್ ಇದನ್ನು ಮನಗಂಡಿತು. ಅಲ್ಲಿ 2023ರಲ್ಲಿ ಜಾರಿಗೆ ಬಂದ ಯೋಜನೆಯಂತೆ, ಬಟ್ಟೆ ಅಥವಾ ಚಪ್ಪಲಿ ದುರಸ್ತಿ ಮಾಡಿಸಿದವರಿಗೆ 6ರಿಂದ 25 ಯೂರೋಗಳವರೆಗೆ ರಿಯಾಯಿತಿ ದೊರೆಯಿತು. ಅದರ ಹಣ ತಯಾರಕರಿಂದ ಬಂದದ್ದು ಎಂಬುದು ಗಮನಾರ್ಹ.

ನಮ್ಮಲ್ಲಾದರೋ ದುರಸ್ತಿಗಾರನು ಕಾಲುದಾರಿಯ ಅಂಚಿನಲ್ಲಿ ಹೊಲಿಗೆಯಂತ್ರವಿಟ್ಟು ಕುಳಿತಿದ್ದಾನೆ. ನಗರಸಭೆಯ ಕಣ್ಣಿಗೆ ಆತನೊಂದು ಅಡಚಣೆ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯು ಸರಕು ಮಾರುವವರನ್ನಷ್ಟೇ ಅಲ್ಲ, ಬೀದಿಯಲ್ಲಿ ಸೇವೆ ಒದಗಿಸುವವರನ್ನೂ ವ್ಯಾಪಾರಿಗಳೆಂದು ಪರಿಗಣಿಸುತ್ತದೆ. ಸಮೀಕ್ಷೆಯಲ್ಲಿ ಹೆಸರು ಸೇರಿಸಿ ಪ್ರಮಾಣಪತ್ರ ನೀಡುವುದು ಸ್ಥಳೀಯಾಡಳಿತದ ಹೊಣೆ. ಕಸ ಸಾಗಿಸಲು ಗುತ್ತಿಗೆದಾರನಿಗೆ ಹಣ ತೆರುವ ನಗರಸಭೆಯು, ಕಸವಾಗದಂತೆ ತಡೆಯುವವನಿಗೆ ಮಾರುಕಟ್ಟೆಯಲ್ಲೊಂದು ಮಳಿಗೆಯನ್ನಾದರೂ ಕೊಡಬಾರದೇ? ಬಟ್ಟೆ ಸಂಗ್ರಹ ಕೇಂದ್ರದ ಪಕ್ಕದಲ್ಲೇ ದರ್ಜಿಯನ್ನು ಕೂರಿಸಿದರೆ ಖರ್ಚೆಷ್ಟು?

ಸಮುದಾಯಕ್ಕೂ ಇದರಲ್ಲಿ ಪಾಲಿದೆ. ತಮ್ಮ ಬಟ್ಟೆಗೆ ತಾವೇ ಹೊಲಿಗೆ ಹಾಕಿ, ಪಾದರಕ್ಷೆಯನ್ನು ತಾವೇ ಸರಿಪಡಿಸಿಕೊಳ್ಳುತ್ತಿದ್ದ ಪ್ರವಾದಿ(ಸ)ಯವರ ಅನುಯಾಯಿಗಳು ನಾವು. ಆದರೂ ತೇಪೆ ಹಾಕಿದ ಬಟ್ಟೆ ಇಂದು ನಮಗೆ ಅವಮಾನ. ನೆರೆ ಸಂತ್ರಸ್ತರಿಗೆಂದು ಮೂಟೆ ಕಟ್ಟುವಾಗ ಮಾತ್ರ ಹರಿದದ್ದು, ಕಲೆಯಾದದ್ದು ಎಲ್ಲವೂ ದಾನವೆನಿಸಿಕೊಳ್ಳುತ್ತದೆ! ಕಣ್ಣು ಮುಚ್ಚಿಕೊಂಡಲ್ಲದೆ ನೀವೇ ಸ್ವೀಕರಿಸಲಾರದ ಕಳಪೆ ವಸ್ತುವನ್ನು ದಾನ ಮಾಡಬೇಡಿರೆಂದು ಕುರ್‌ಆನ್ ಎಚ್ಚರಿಸಿರುವುದನ್ನು ಮರೆತೆವೇ?

ರಮಝಾನ್‌ಗೆ ಮುನ್ನ ಪ್ರತಿ ಜಮಾಅತ್ ಕೂಡ ಬಟ್ಟೆಗಳನ್ನು ಸಂಗ್ರಹಿಸಿ, ಒಗೆಸಿ, ಮೊಹಲ್ಲಾದ ದರ್ಜಿಗಳಿಗೆ ಕೂಲಿ ಕೊಟ್ಟು ಸರಿಪಡಿಸಿದ ಮೇಲಷ್ಟೇ ಹಂಚಲಿ. ರೆಡಿಮೇಡ್ ಉಡುಪುಗಳಿಂದಾಗಿ ಕೆಲಸ ಕಳೆದುಕೊಂಡವರು ಆ ಮೊಹಲ್ಲಾಗಳಲ್ಲೇ ಇದ್ದಾರೆ.