ಯೂನಿಯನ್ ಇದ್ದರೆ ಕಾರು ದುಬಾರಿಯೇ? ನಿಪ್ಪಾಣಿಯ ಬೀಡಿಯಿಂದ ಬಿಡದಿಯ ಕಾರಿನವರೆಗೆ ಒಂದು ಲೆಕ್ಕ

“ಕಾರ್ಮಿಕ ಸಂಘಗಳ ಹಾವಳಿಯಿಂದಲೇ ನಮ್ಮ ದೇಶದಲ್ಲಿ ಕಾರು ಇಷ್ಟು ದುಬಾರಿ. ಯೂನಿಯನ್‌ಗೆ ಹೆದರಿಯೇ ಫೋರ್ಡ್ ಓಡಿಹೋಯಿತು. ಎಲ್ಲರಿಗೂ ಕಳಿಸಿ.” ಈ ಧಾಟಿಯ ಮೆಸೇಜ್ ನಿಮ್ಮ ವಾಟ್ಸ್‌ಆ್ಯಪ್ ಗುಂಪಿಗೂ ಬಂದಿರಬಹುದು. ಅದರ ಹಿಂದೆಯೇ ಇನ್ನೊಂದು ಬರುತ್ತದೆ: “ಯೂನಿಯನ್‌ನಿಂದ ಯಾರಿಗೂ ಒಂದು ಪೈಸೆ ನಷ್ಟವಿಲ್ಲ, ಇದೆಲ್ಲ ಮಾಲೀಕರ ಕಟ್ಟುಕಥೆ.”

ಎರಡರಲ್ಲೂ ಇರುವುದು ಅರ್ಧ ಸತ್ಯ. ಯೂನಿಯನ್‌ನಿಂದ ಒಂದು ವಸ್ತುವಿನ ಬೆಲೆ ಎಷ್ಟು ಏರುತ್ತದೆ ಎಂದು ತಿಳಿಯಲು ಎರಡು ಪ್ರಶ್ನೆ ಕೇಳಬೇಕು. ಆ ವಸ್ತುವಿನ ಒಟ್ಟು ವೆಚ್ಚದಲ್ಲಿ ಕೂಲಿಯ ಪಾಲು ಎಷ್ಟು? ಕೂಲಿ ಏರಿದರೆ ಮಾಲೀಕರು ಆ ಕೆಲಸವನ್ನು ಬೇರೆ ಊರಿಗೆ ಒಯ್ಯುವುದು ಎಷ್ಟು ಸುಲಭ?

ಮೊದಲು ಬೀಡಿಯನ್ನು ನೋಡೋಣ

ನಿಪ್ಪಾಣಿ ಎಂದರೆ ತಂಬಾಕು. ಇಲ್ಲಿನ ತಂಬಾಕು ವಖಾರಿಗಳಲ್ಲಿ ಧೂಳು ಕುಡಿಯುತ್ತ ದುಡಿಯುತ್ತಿದ್ದ ಸಾವಿರಾರು ಹೆಣ್ಣುಮಕ್ಕಳು 1980ರ ಆಸುಪಾಸಿನಲ್ಲಿ ಸಂಘ ಕಟ್ಟಿಕೊಂಡು ಮುಷ್ಕರಕ್ಕೆ ಇಳಿದರು. ಅವರ ಹೋರಾಟದ ಬಗ್ಗೆ ಯುಗಾಂತರ್ ಎಂಬ ಮಹಿಳೆಯರ ಚಿತ್ರತಂಡ 1982ರಲ್ಲಿ ಸಾಕ್ಷ್ಯಚಿತ್ರವನ್ನೂ ಮಾಡಿತು. ಚಿಕ್ಕೋಡಿ, ರಾಯಬಾಗ, ಅಥಣಿ ಕಡೆಯ ಹಿರಿಯರಿಗೆ ಯೂನಿಯನ್ ಎಂದರೆ ಮೊದಲು ನೆನಪಾಗುವುದು ಇಂಥ ಹೋರಾಟಗಳೇ.

ಬೀಡಿ ಕಟ್ಟಲು ಬೇಕಾದದ್ದು ಎಲೆ, ತಂಬಾಕು, ದಾರ ಮತ್ತು ಎರಡು ಕೈ. ಅದಕ್ಕೆ ಯಂತ್ರವೇ ಬೇಡವಾದ್ದರಿಂದ ವೆಚ್ಚದಲ್ಲಿ ಕೂಲಿಯ ಪಾಲು ದೊಡ್ಡದು. ಎಲೆ, ತಂಬಾಕನ್ನು ಚೀಲದಲ್ಲಿ ಕಟ್ಟಿ ಯಾವ ಊರಿಗಾದರೂ ಕಳಿಸಬಹುದು. ಹಾಗಾಗಿ ಇಲ್ಲಿ ಕೂಲಿ ಏರಿದರೆ ಕೆಲಸ ಜಾಗ ಬಿಟ್ಟು ಓಡುತ್ತದೆ ಎಂಬ ಭಯ ನಿಜವೇ ಆಗಿತ್ತು.

ಇದಕ್ಕೆ ಉದಾಹರಣೆ ಕೇರಳದ ಕಣ್ಣೂರಿನಲ್ಲಿದೆ. ಬೀಡಿ ಕಾರ್ಮಿಕರ 1966ರ ಕಾನೂನನ್ನು ಕೇರಳ ಸರ್ಕಾರ ಜಾರಿಗೆ ತರಲು ಹೊರಟಾಗ, 1968ರಲ್ಲಿ ಮಂಗಳೂರಿನ ಬೀಡಿ ಕಂಪನಿಗಳು ಅಲ್ಲಿನ ಶಾಖೆಗಳನ್ನು ಮುಚ್ಚಿದವು. ಸಾವಿರಾರು ಜನರ ಕೆಲಸ ಹೋಯಿತು. ಕೆಲಸ ಕಳೆದುಕೊಂಡವರೇ ಸೇರಿ 1969ರಲ್ಲಿ ದಿನೇಶ್ ಬೀಡಿ ಸಹಕಾರ ಸಂಘ ಕಟ್ಟಿದರು ಎಂಬುದು ಆ ಕಥೆಯ ಮುಂದಿನ ಭಾಗ.

ಈಗ ಕಾರಿನ ಲೆಕ್ಕ

ದೇಶದ ಅತಿದೊಡ್ಡ ಕಾರು ಕಂಪನಿ ಮಾರುತಿ ಸುಜುಕಿಯ ವಾರ್ಷಿಕ ಲೆಕ್ಕಪತ್ರ ಯಾರಾದರೂ ನೋಡಬಹುದು. ಇತ್ತೀಚಿನ ವರ್ಷಗಳಲ್ಲಿ ಕಂಪನಿಗೆ ಬಂದ ಪ್ರತಿ 100 ರೂಪಾಯಿಯಲ್ಲಿ ನೌಕರರ ಸಂಬಳ, ಸೌಲಭ್ಯಕ್ಕೆ ಹೋಗುವುದು ಸುಮಾರು 4 ರೂಪಾಯಿ. ಎಂಜಿನಿಯರ್, ಮ್ಯಾನೇಜರ್‌ಗಳ ಸಂಬಳವೂ ಅದರಲ್ಲೇ ಸೇರಿದೆ. ಸಿಂಹಪಾಲು ಹೋಗುವುದು ಉಕ್ಕು, ಟೈರು, ಗಾಜು, ಎಲೆಕ್ಟ್ರಾನಿಕ್ಸ್ ಮುಂತಾದ ಕೊಂಡು ತರುವ ಬಿಡಿಭಾಗಗಳಿಗೆ.

ಷೋರೂಮ್ ಬೆಲೆ 6 ಲಕ್ಷ ರೂಪಾಯಿ ಇರುವ ಚಿಕ್ಕ ಪೆಟ್ರೋಲ್ ಕಾರನ್ನು ತೆಗೆದುಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ಇಂಥ ಕಾರಿಗೆ ಜಿಎಸ್‌ಟಿ ಶೇ 18. ಅಂದರೆ 6 ಲಕ್ಷದಲ್ಲಿ ಸುಮಾರು 91 ಸಾವಿರ ಜಿಎಸ್‌ಟಿಯೇ. ಉಳಿದದ್ದರಲ್ಲಿ ಡೀಲರ್ ಕಮಿಷನ್ ತೆಗೆಯದಿದ್ದರೂ ನೌಕರರ ಪಾಲು ಹೆಚ್ಚೆಂದರೆ 20 ಸಾವಿರ. ಯೂನಿಯನ್ ಹೋರಾಡಿ ಎಲ್ಲರ ಸಂಬಳವನ್ನೂ ಒಂದೇ ಏಟಿಗೆ ಶೇ 25ರಷ್ಟು ಏರಿಸಿತು, ಕಂಪನಿ ಅದನ್ನು ಪೂರ್ತಿ ಗ್ರಾಹಕರ ಮೇಲೆ ಹೇರಿತು ಎಂದುಕೊಳ್ಳಿ. ಆಗಲೂ ಕಾರಿನ ಬೆಲೆ ಏರುವುದು 5–6 ಸಾವಿರ ರೂಪಾಯಿ.

ಗಡಿಯಲ್ಲಿರುವ ನಮಗೆ ಇನ್ನೊಂದು ಹೋಲಿಕೆ ಸುಲಭವಾಗಿ ಅರ್ಥವಾಗುತ್ತದೆ. ಕಾಗವಾಡ, ನಿಪ್ಪಾಣಿಯ ರಸ್ತೆಗಳಲ್ಲಿ ಕೆಎ 23 ಜೊತೆಗೆ ಎಂಎಚ್ 09, ಎಂಎಚ್ 10 ನಂಬರಿನ ಕಾರುಗಳೂ ಬೇಕಾದಷ್ಟು ಓಡಾಡುತ್ತವೆ. 5ರಿಂದ 10 ಲಕ್ಷದ ಕಾರಿಗೆ ಕರ್ನಾಟಕದಲ್ಲಿ ರಸ್ತೆ ತೆರಿಗೆ ಶೇ 14, ಅದರ ಮೇಲೆ ಸೆಸ್ ಬೇರೆ. ಮಹಾರಾಷ್ಟ್ರದಲ್ಲಿ 10 ಲಕ್ಷದೊಳಗಿನ ಪೆಟ್ರೋಲ್ ಕಾರಿಗೆ ಶೇ 11. ನಮ್ಮ 6 ಲಕ್ಷದ ಕಾರಿಗೆ ಸೆಸ್ ಬಿಟ್ಟರೂ 18 ಸಾವಿರ ರೂಪಾಯಿ ವ್ಯತ್ಯಾಸ. ಇಲ್ಲಿ ವಾಸವಿರುವವರ ಗಾಡಿ ಇಲ್ಲೇ ನೋಂದಣಿಯಾಗಬೇಕು ಎಂಬುದು ಬೇರೆ ಮಾತು. ಆದರೆ ಶೇ 25ರ ಸಂಬಳ ಏರಿಕೆಗಿಂತ ರಾಜ್ಯದ ಗಡಿಯೇ ಕಾರಿನ ಬೆಲೆಯನ್ನು ಮೂರು ಪಟ್ಟು ಹೆಚ್ಚು ಬದಲಿಸುತ್ತದೆ.

ಹಾಗಾದರೆ ನಷ್ಟವೇ ಇಲ್ಲವೇ?

ಇದೆ. ಅದು ಬರುವ ದಾರಿ ಸಂಬಳವಲ್ಲ, ಕೆಲಸ ನಿಲ್ಲುವುದು. ಕಾರು ಕಾರ್ಖಾನೆಯಲ್ಲಿ ಸಾವಿರಾರು ಕೋಟಿ ರೂಪಾಯಿಯ ಯಂತ್ರಗಳಿರುತ್ತವೆ. ಲೈನ್ ನಿಂತರೂ ಸಾಲದ ಬಡ್ಡಿ, ಯಂತ್ರದ ಸವಕಳಿ ನಿಲ್ಲುವುದಿಲ್ಲ.

ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಆದದ್ದು ಇದೇ. 2020ರ ನವೆಂಬರ್‌ನಲ್ಲಿ ಯೂನಿಯನ್ ಪದಾಧಿಕಾರಿಯೊಬ್ಬರನ್ನು ಅಮಾನತು ಮಾಡಿದ ಮೇಲೆ ಕಾರ್ಮಿಕರು ಕಾರ್ಖಾನೆಯೊಳಗೇ ಧರಣಿ ಕೂತರು. ಕಂಪನಿ ನವೆಂಬರ್ 10ರಂದು ಲಾಕೌಟ್ ಘೋಷಿಸಿತು. ಕಾರ್ಮಿಕರ ಮುಖ್ಯ ದೂರು ಸಂಬಳದ್ದಾಗಿರಲಿಲ್ಲ. ಒಂದು ಕಾರಿಗೆ ಕೊಡುತ್ತಿದ್ದ 3 ನಿಮಿಷವನ್ನು ಎರಡೂವರೆ ನಿಮಿಷಕ್ಕೆ ಇಳಿಸಿ ಕೆಲಸದ ಹೊರೆ ಹೇರಲಾಗುತ್ತಿದೆ ಎಂದು ಅವರು ಹೇಳಿದರು. ಇದು ಅಶಿಸ್ತು, ಕಾನೂನುಬಾಹಿರ ಧರಣಿ ಎಂಬುದು ಕಂಪನಿಯ ವಾದ. ಮುಷ್ಕರ, ಲಾಕೌಟ್ ಎರಡನ್ನೂ ಸರ್ಕಾರ ನಿಷೇಧಿಸಿತು. ನಡುವೆ ಕೆಲವೇ ದಿನ ತೆರೆದ ಕಾರ್ಖಾನೆಗೆ ಮತ್ತೆ ಬೀಗ ಬಿತ್ತು. ಲಾಕೌಟ್ ತೆರವಾದದ್ದು 2021ರ ಜನವರಿ 12ರಂದು, ಕಾರ್ಮಿಕರ ಹೋರಾಟ ಮುಗಿದದ್ದು ಮಾರ್ಚ್‌ನಲ್ಲಿ. ಕಂಪನಿಗೆ ಉತ್ಪಾದನೆ ಹೋಯಿತು, ಕಾರ್ಮಿಕರಿಗೆ ತಿಂಗಳುಗಟ್ಟಲೆ ಸಂಬಳ ಹೋಯಿತು.

ಇಷ್ಟಾದರೂ ಕಂಪನಿ ಕರ್ನಾಟಕ ಬಿಟ್ಟು ಹೋಯಿತೇ? 2023ರ ನವೆಂಬರ್‌ನಲ್ಲಿ ಅದೇ ಬಿಡದಿಯಲ್ಲಿ 3,300 ಕೋಟಿ ರೂಪಾಯಿಯ ಮೂರನೇ ಘಟಕಕ್ಕೆ ಅದು ರಾಜ್ಯ ಸರ್ಕಾರದೊಂದಿಗೆ ಒಪ್ಪಂದ ಮಾಡಿಕೊಂಡಿತು. ಬೀಡಿ ಎಲೆಯಂತೆ ಕಾರು ಕಾರ್ಖಾನೆಯನ್ನು ಚೀಲದಲ್ಲಿ ಕಟ್ಟಿ ಒಯ್ಯಲಾಗುವುದಿಲ್ಲ.

ಜಗಳ ವಿಕೋಪಕ್ಕೆ ಹೋದ ಉದಾಹರಣೆಯನ್ನೂ ಮರೆಯಬಾರದು. ಹರಿಯಾಣದ ಮಾನೇಸರ್‌ನ ಮಾರುತಿ ಕಾರ್ಖಾನೆಯಲ್ಲಿ ಹೊಸ ಯೂನಿಯನ್ ಕಟ್ಟುವ ವಿಷಯದಿಂದ 2011ರಲ್ಲಿ ಶುರುವಾದ ಸಂಘರ್ಷ, 2012ರ ಜುಲೈ 18ರ ಹಿಂಸಾಚಾರದಲ್ಲಿ ಮಾನವ ಸಂಪನ್ಮೂಲ ವಿಭಾಗದ ಹಿರಿಯ ಅಧಿಕಾರಿಯೊಬ್ಬರ ಸಾವಿನವರೆಗೆ ಹೋಯಿತು. ಕಾರ್ಖಾನೆ ಸುಮಾರು ಒಂದು ತಿಂಗಳು ಮುಚ್ಚಿತ್ತು. 2017ರಲ್ಲಿ ನ್ಯಾಯಾಲಯ 31 ಜನರನ್ನು ತಪ್ಪಿತಸ್ಥರೆಂದಿತು, 117 ಜನರನ್ನು ಬಿಡುಗಡೆ ಮಾಡಿತು.

ಫೋರ್ಡ್ ಹೋದದ್ದು ಏಕೆ?

2021ರ ಸೆಪ್ಟೆಂಬರ್ 9ರಂದು ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಫೋರ್ಡ್ ಹೇಳಿದಾಗ ಅದು ಕೊಟ್ಟ ಕಾರಣ, ಹತ್ತು ವರ್ಷಗಳಲ್ಲಿ ಆದ 200 ಕೋಟಿ ಡಾಲರ್‌ಗೂ ಮೀರಿದ ನಷ್ಟ. ಅದರ ಕಾರ್ಖಾನೆಗಳ ಬಹುಪಾಲು ಸಾಮರ್ಥ್ಯ ಖಾಲಿ ಬಿದ್ದಿತ್ತು. ನಮ್ಮ ಜನ ಕೊಳ್ಳುವ ಬೆಲೆಯ ಕಾರುಗಳು ಅದರ ಬಳಿ ಸಾಕಷ್ಟು ಇರಲಿಲ್ಲ. ಮುಷ್ಕರಗಳನ್ನು ಕಂಡ ಮಾರುತಿ, ಟೊಯೊಟಾ ಇಲ್ಲೇ ಬೆಳೆದವು.

ಹೊರದೇಶಗಳಲ್ಲಿ ಹೇಗಿದೆ?

ಅಮೆರಿಕದಲ್ಲಿ ಯುಎಡಬ್ಲ್ಯು ಎಂಬ ಕಾರು ಕಾರ್ಮಿಕರ ಸಂಘ 2023ರಲ್ಲಿ ಮುಷ್ಕರ ಹೂಡಿ, ಒಪ್ಪಂದದ ನಾಲ್ಕೂವರೆ ವರ್ಷಗಳಲ್ಲಿ ಒಟ್ಟು ಶೇ 25ರ ಏರಿಕೆ ಪಡೆಯಿತು. ಇದರಿಂದ 2028ರ ಹೊತ್ತಿಗೆ ಒಂದು ವಾಹನಕ್ಕೆ ಸುಮಾರು 900 ಡಾಲರ್ ಹೆಚ್ಚು ಖರ್ಚು ಬೀಳುತ್ತದೆ ಎಂದು ಫೋರ್ಡ್ ಹೇಳಿತು. ಅಲ್ಲಿ ಹೊಸ ಕಾರಿನ ಸರಾಸರಿ ಬೆಲೆ 45 ಸಾವಿರ ಡಾಲರ್‌ಗಿಂತ ಮೇಲೆ, ಅಂದರೆ ಏರಿಕೆ ಸುಮಾರು ಶೇ 2. ಯೂನಿಯನ್ ಇಲ್ಲದ ಪೈಪೋಟಿದಾರರ ಎದುರು ಅದೂ ಹೊರೆಯೇ. ಜಪಾನಿನಲ್ಲಿ ಟೊಯೊಟಾ 1950ರಲ್ಲಿ ದೊಡ್ಡ ಮುಷ್ಕರ ಕಂಡಿತು, ಸಂಸ್ಥಾಪಕ ಕಿಚಿರೊ ಟೊಯೊಡಾ ಅಧ್ಯಕ್ಷ ಸ್ಥಾನ ಬಿಟ್ಟರು. 1962ರಲ್ಲಿ ಕಂಪನಿ ಮತ್ತು ಯೂನಿಯನ್ ಪರಸ್ಪರ ನಂಬಿಕೆಯ ಜಂಟಿ ಘೋಷಣೆಗೆ ಸಹಿ ಹಾಕಿದವು. ಆ ಯೂನಿಯನ್ ಜೊತೆಗಿಟ್ಟುಕೊಂಡೇ ಟೊಯೊಟಾ ಜಗತ್ತಿನ ಅತಿದೊಡ್ಡ ಕಾರು ಕಂಪನಿಯಾಯಿತು.

ಲೆಕ್ಕದಲ್ಲಿ ಕಾಣದ ಕೈಗಳು

ಮೇಲೆ ಹೇಳಿದ 4 ರೂಪಾಯಿಯಲ್ಲಿ ಒಂದು ಸಂಗತಿ ಅಡಗಿದೆ. ಬಿಡಿಭಾಗ ಮಾಡುವವರ ಕೂಲಿ ಅದರಲ್ಲಿ ಇಲ್ಲ. ಅದು “ಸಾಮಗ್ರಿ ವೆಚ್ಚ”ದೊಳಗೆ ಸೇರಿಹೋಗಿರುತ್ತದೆ. ಕೊಲ್ಲಾಪುರ, ಬೆಳಗಾವಿಯ ಫೌಂಡ್ರಿಗಳಲ್ಲಿ ವಾಹನಗಳ ಎರಕದ ಭಾಗಗಳು ತಯಾರಾಗುತ್ತವೆ. ನಿಪ್ಪಾಣಿ, ಚಿಕ್ಕೋಡಿ ಕಡೆಯಿಂದ ಕಾಗಲ್‌ನ ಎಂಐಡಿಸಿಗೆ ಶಿಫ್ಟ್‌ಗೆ ಹೋಗುವ ಹುಡುಗರು ಅನೇಕ. ದೇಶದ ನೋಂದಾಯಿತ ಕಾರ್ಖಾನೆಗಳ ಕಾರ್ಮಿಕರಲ್ಲಿ ಈಗ 100ಕ್ಕೆ 40ರಷ್ಟು ಮಂದಿ ಗುತ್ತಿಗೆಯವರು. ಇವರಿಗೆ ಸಂಘ ಕಟ್ಟಿಕೊಳ್ಳುವುದೇ ಕಷ್ಟ. ಕಾಂಟ್ರ್ಯಾಕ್ಟರ್ ನಾಳೆಯಿಂದ ಬರಬೇಡ ಎಂದರೆ ಮುಗಿಯಿತು. ನಮ್ಮ ಕಾರು ಅಗ್ಗವಾಗಿರುವುದರಲ್ಲಿ ಇವರ ಕಡಿಮೆ ಕೂಲಿಯ ಪಾಲೂ ಇದೆ.

ಫಾರ್ವರ್ಡ್ ಮಾಡುವ ಮುನ್ನ

ಯೂನಿಯನ್ ಬಗ್ಗೆ ಮುಂದಿನ ಸಲ ಮೆಸೇಜ್ ಬಂದಾಗ ಮೂರು ವಿಷಯ ನೋಡಿ. ಒಟ್ಟು ವೆಚ್ಚದಲ್ಲಿ ಕೂಲಿ ಎಷ್ಟೆಂದು ಅದು ಹೇಳಿದೆಯೇ? ತೆರಿಗೆ, ಸಾಮಗ್ರಿಯ ಮಾತು ಎತ್ತಿದೆಯೇ? ಕಾರ್ಖಾನೆ ಮುಚ್ಚಿದ್ದಕ್ಕೆ ಆ ಕಂಪನಿಯೇ ಕೊಟ್ಟ ಕಾರಣ ಯಾವುದು?

“ಯೂನಿಯನ್‌ನಿಂದಲೇ ಕಾರು ದುಬಾರಿ” ಎಂಬುದು ದಾರಿ ತಪ್ಪಿಸುವ ಮಾತು. “ಯೂನಿಯನ್‌ನಿಂದ ನಷ್ಟವೇ ಇಲ್ಲ” ಎಂಬುದೂ ಸರಿಯಲ್ಲ. ಮಾತುಕತೆ ಮುರಿದುಬಿದ್ದಾಗ ನಷ್ಟ ದೊಡ್ಡದೇ, ಮತ್ತು ಅದರಲ್ಲಿ ಮೊದಲು ಬರಿದಾಗುವುದು ಕಾರ್ಮಿಕರ ಮನೆಯ ಡಬ್ಬಿ. ಕಾಗಲ್‌ಗೆ ಶಿಫ್ಟ್‌ಗೆ ಹೋಗುವ ಹುಡುಗ ನಿಮ್ಮ ಮನೆಯಲ್ಲೂ ಇದ್ದರೆ ಈ ಲೆಕ್ಕವನ್ನು ಅವನಿಗೆ ಮೊದಲು ಕಳಿಸಿ.